ಹೆಬ್ಬೆಟ್ಟಿನ ಗುರುತು

ಅಕ್ಷರ ಬಾರದವನನ್ನು ‘ಹೆಬ್ಬೆಟ್ಟು’ ಎಂದು ಹಂಗಿಸುವ ರೂಢಿ ನಮ್ಮ ಮಧುಗಿರಿ ಸೀಮೆಯಲ್ಲಿಯೂ ಉಂಟು. ಕ್ರಯಪತ್ರಕ್ಕೆ ಹೆಬ್ಬೆರಳೊತ್ತುವುದು ಅವಮಾನವೆಂದು ಬಗೆದು, ತಮ್ಮ ಹೆಸರನ್ನಷ್ಟೇ ಬರೆಯಲು ಕಲಿತ ಹಿರಿಯರನ್ನು ನಾನು ಬಲ್ಲೆ. ಆ ಹೆಬ್ಬೆಟ್ಟೇ ಓದಿದವರಿಗೂ ಓದದವರಿಗೂ ಸಮಾನವಾದ ರುಜುವಾದುದು ಈಚಿನ ಕಥೆ. ಅದರ ಮೊದಲ ಪುಟಗಳಲ್ಲಿ ನಮ್ಮ ಜಿಲ್ಲೆಯ ಹೆಸರಿದೆ.

ಭಾರತ ಸರ್ಕಾರವು 2009ರಲ್ಲಿ ವಿಶಿಷ್ಟ ಗುರುತು ಪ್ರಾಧಿಕಾರವನ್ನು ಸ್ಥಾಪಿಸಿ, ಬೆಂಗಳೂರಿನ ನಂದನ್ ನಿಲೇಕಣಿಯವರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿತು. ಕರ್ನಾಟಕದಲ್ಲಿ ಆಧಾರ್ ನೋಂದಣಿಯ ಪ್ರಯೋಗಕ್ಕೆ ಮೊದಲು ಆರಿಸಿಕೊಂಡದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಹೀಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನ ರಾಜ್ಯದ ಬಹುಭಾಗಕ್ಕಿಂತ ಮುಂಚೆಯೇ ಸರತಿಯಲ್ಲಿ ನಿಂತು ಹತ್ತು ಬೆರಳುಗಳ ಗುರುತನ್ನೂ ಕಣ್ಣಪಾಪೆಯ ಚಿತ್ರವನ್ನೂ ಕೊಟ್ಟರು. ಆಗ ಇದಕ್ಕೆ ಸಂಸತ್ತು ಒಪ್ಪಿದ ಕಾಯಿದೆಯೇ ಇರಲಿಲ್ಲ. ಅದು ಬಂದದ್ದು 2016ರಲ್ಲಿ.

ನಮ್ಮವರು ಅಂದು ಏಕೆ ಪ್ರಶ್ನಿಸಲಿಲ್ಲವೆಂದು ದೂರುವುದು ಸಲ್ಲದು. ಮಳೆಯಿಲ್ಲದೆ ಪಾವಗಡದಿಂದ ಬೆಂಗಳೂರಿಗೆ ಕೂಲಿಗೆ ಹೋದವನು ‘ನಾನು ನಾನೇ’ ಎಂದು ತೋರಿಸಿಕೊಳ್ಳಲು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಗಿತ್ತು! ಅವನಿಗೆ ಹನ್ನೆರಡು ಅಂಕಿಗಳ ಒಂದು ಸಂಖ್ಯೆ ವರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಬೆರಳಿನ ಗುರುತಿಗೆ ಇನ್ನೊಂದು ಚರಿತ್ರೆಯಿದೆ. 1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಅಲ್ಲಿನ ಭಾರತೀಯರೆಲ್ಲರೂ ಬೆರಳೊತ್ತಿ ನೋಂದಾಯಿಸಿಕೊಳ್ಳಬೇಕೆಂದಾಗ ಗಾಂಧೀಜಿಯವರು ಪ್ರತಿಭಟಿಸಿದರು. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನಲ್ಲಿ ನೋಂದಣಿ ಪತ್ರಗಳ ರಾಶಿಗೇ ಬೆಂಕಿ ಬಿತ್ತು. ಇಂಗ್ಲೆಂಡಿನಲ್ಲಿ ಯುದ್ಧಕಾಲದ ಗುರುತಿನ ಚೀಟಿಯನ್ನು ಜನರ ಅಸಮಾಧಾನದಿಂದ 1952ರಲ್ಲಿ ಕೈಬಿಡಬೇಕಾಯಿತು. ಅಲ್ಲಿ 2006ರಲ್ಲಿ ಮತ್ತೆ ಬಂದ ಕಾಯಿದೆ ರದ್ದಾದುದು 2010ರಲ್ಲಿ, ನಮ್ಮಲ್ಲಿ ಮೊದಲ ಆಧಾರ್ ಸಂಖ್ಯೆ ಹಂಚಿದ ವರ್ಷವೇ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. ಕಾಯಿದೆಯಿಲ್ಲದೆ ಪ್ರಜೆಗಳ ಮೈಗುರುತನ್ನು ಸಂಗ್ರಹಿಸಬಹುದೆ ಎಂಬುದು ಅವರ ಕೇಳಿಕೆ. ಸರ್ಕಾರವೋ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನವೆಂಬುದು ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿತು. 1954ರದು ಎಂಟು ನ್ಯಾಯಮೂರ್ತಿಗಳ ತೀರ್ಪಾದುದರಿಂದ ಅದನ್ನು ಮೀರಲು ಒಂಬತ್ತು ಮಂದಿಯ ಪೀಠವೇ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಒಮ್ಮತದಿಂದ, ಅದು ಹಕ್ಕೇ ಎಂದರು.

‘ಖಾಸಗಿ’ ಎಂಬ ಮಾತು ಕನ್ನಡದ್ದಲ್ಲ. ಶಿರಾದಲ್ಲಿ ಮೊಗಲ್ ಸುಬೇದಾರರು ಕಚೇರಿ ನಡೆಸಿದ ಕಾಲದ ಅರಬ್ಬಿ, ಪಾರಸಿ ಪದಗಳ ಬಳಗಕ್ಕೆ ಸೇರಿದ್ದು. ಪದ ಹೊರಗಿನದೆಂದು ಅರ್ಥವೂ ಹೊರಗಿನದಾಗಬೇಕಿಲ್ಲ. ಮನೆಯ ಗುಟ್ಟು, ಹೆಣ್ಣುಮಕ್ಕಳ ಮಾನ, ಊಟದ ಮರೆ ಎಂದೆಲ್ಲ ನಾವು ಕಾಯ್ದುಕೊಂಡು ಬಂದದ್ದು ಮತ್ತೇನನ್ನು?

2018ರ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ವರ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತು. ಪಡಿತರದಂತಹ ಸೌಲಭ್ಯಗಳಿಗೆ ಅದು ಉಳಿಯಿತು. ಬ್ಯಾಂಕು ಖಾತೆಗೂ ಮೊಬೈಲಿಗೂ ಕಡ್ಡಾಯವಾಗಕೂಡದೆಂದಾಯಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರೊಬ್ಬರು ಮಾತ್ರ, ಹಣಕಾಸು ಮಸೂದೆಯಾಗಿ ಬಂದ ಕಾಯಿದೆಯೇ ಅಸಿಂಧುವೆಂದು ಭಿನ್ನಮತ ಬರೆದರು. ಬೆರಳು ಹೊಂದದಿದ್ದರೂ ಅರ್ಹರಿಗೆ ಸೌಲಭ್ಯ ತಪ್ಪಕೂಡದೆಂಬ ಕಾಳಜಿಯನ್ನು ಬಹುಮತವೂ ವ್ಯಕ್ತಪಡಿಸಿತು.

ನಮ್ಮ ಕಡೆಗೆ ಇದು ಸಣ್ಣ ಸಂಗತಿಯಲ್ಲ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು, ಕಡಲೆಕಾಯಿ ಬಿಡಿಸಿ ಸವೆದ ಬೆರಳುಗಳಲ್ಲಿ ಗೆರೆಗಳೆಷ್ಟು ಉಳಿದಿರುತ್ತವೆ? ಪಡಿತರದ ಅಂಗಡಿಯೊಂದರಲ್ಲಿ ಮುದುಕಿಯೊಬ್ಬಳು ಬೆರಳನ್ನು ಸೆರಗಿನಿಂದ ಒರೆಸಿ ಒರೆಸಿ ಯಂತ್ರದ ಮೇಲಿಡುತ್ತಿದ್ದುದನ್ನು ನಾನು ನೋಡಿದ್ದೇನೆ. ಅಂಗಡಿಯವನಿಗೂ ಸರತಿಯಲ್ಲಿದ್ದವರಿಗೂ ಆಕೆ ಯಾರೆಂಬುದು ಚೆನ್ನಾಗಿ ಗೊತ್ತಿತ್ತು. ಯಂತ್ರ ನಾಲ್ಕನೆಯ ಸಲಕ್ಕೆ ಒಪ್ಪಿತು.