ಮಂಜಿನಲ್ಲಿ ದಾರಿ ತೋರಿದ ಹಾಡು

ಸೀಲ್ ಚರ್ಮ ಹೊದಿಸಿದ, ಒಬ್ಬರಷ್ಟೇ ಕೂರುವ ಕಿರುದೋಣಿಯೇ ಕಯಾಕ್. ಗ್ರೀನ್‌ಲೆಂಡಿನ ಕೊರೆಯುವ ಕಡಲಿನಲ್ಲಿ ಅದರಿಂದ ನೀರಿಗೆ ಬಿದ್ದವರು ಬದುಕುವುದು ಕಷ್ಟ. ಬ್ರಿಟಿಷ್ ಅನ್ವೇಷಕ ಗಿನೋ ವಾಟ್ಕಿನ್ಸ್ 1932ರ ಆಗಸ್ಟ್‌ನಲ್ಲಿ ಒಬ್ಬರೇ ಬೇಟೆಗೆ ಹೋದರು; ಮರಳಿ ಸಿಕ್ಕಿದ್ದು ಖಾಲಿ ಕಯಾಕ್.

ಅಂಥ ಕಡಲಿನಲ್ಲಿ ಮಂಜು ಕವಿದು ದಡವೇ ಕಾಣದಿದ್ದರೆ? ಅಲ್ಲಿನ ಇನ್ಯೂಟ್ ಬೇಟೆಗಾರರು ಕಿವಿಯನ್ನು ನಂಬುತ್ತಿದ್ದುದನ್ನು ವಾಟ್ಕಿನ್ಸ್ ತಂಡದ ಸ್ಪೆನ್ಸರ್ ಚಾಪ್‌ಮನ್ ದಾಖಲಿಸಿದ್ದಾರೆ. ಬಂಡೆಗೆ ಅಲೆ ಬಡಿಯುವ ಸದ್ದನ್ನು ಹಿಡಿದು ತೀರದುದ್ದಕ್ಕೂ ಸಾಗುತ್ತಿದ್ದರು. ಭೂಶಿರಗಳಲ್ಲಿ ಸ್ನೋ ಬಂಟಿಂಗ್ ಎಂಬ ಪುಟ್ಟ ಹಕ್ಕಿಗಳ ಗೂಡುಗಳಿದ್ದವು. ಗಂಡುಹಕ್ಕಿ ಹಾಡಿ ತನ್ನ ಎಲ್ಲೆಯನ್ನು ಸಾರುತ್ತದೆ. ಒಂದರ ಹಾಡು ಇನ್ನೊಂದರಂತಿರುವುದಿಲ್ಲ. ತಮ್ಮ ಊರಿನ ಕೊಲ್ಲಿಯ ಹಕ್ಕಿಯ ದನಿ ಕೇಳಿದೊಡನೆ ಅವರು ದೋಣಿಯನ್ನು ದಡದತ್ತ ತಿರುಗಿಸುತ್ತಿದ್ದರು.

ದಿಕ್ಸೂಚಿ ದಿಕ್ಕನ್ನು ತೋರಿಸೀತು. ಊರು ಬಂತೆಂದು ಹೇಳಲಾರದು. ಕಣ್ಣು ಮುಚ್ಚಿಕೊಂಡರೆ ನಿಮ್ಮ ಊರನ್ನು ನೀವು ಸದ್ದಿನಿಂದಲೇ ಗುರುತಿಸಬಲ್ಲಿರಾ?