ರಾಜಕುಮಾರಿಯ ಮಹಲಿನಲ್ಲಿ ನಮ್ಮ ಮೊರ, ಒನಕೆ



ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನಾಡಿಗೆಲ್ಲ ಗೊತ್ತು. ಆದರೆ ನಮ್ಮ ಮನೆಯ ಹಳೆಯ ಲಾಳಿ, ರಾಟೆ, ಸೇರು, ಒನಕೆಗಳು ಇಂದು ಎಲ್ಲಿವೆ? ಅಟ್ಟದ ಮೇಲೋ, ಗುಜರಿ ಅಂಗಡಿಯಲ್ಲೋ? ಇಂಥ ವಸ್ತುಗಳಿಗೆ ಒಮ್ಮೆ ರಾಜಮನೆತನದ ಮಹಲೇ ಆಶ್ರಯ ಕೊಟ್ಟಿತೆಂಬುದನ್ನು ನಾವು ತಿಳಿಯಬೇಕು.

ಅದು ಮೈಸೂರಿನ ಜಯಲಕ್ಷ್ಮಿ ವಿಲಾಸ. ಬ್ರಿಟಿಷರ ಕಾಲದಲ್ಲಿ, 1905ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ದಿಬ್ಬದ ಮೇಲೆ ಇದನ್ನು ಕಟ್ಟಿಸಿದರು. ತಗುಲಿದ ಖರ್ಚು ಸುಮಾರು 7 ಲಕ್ಷ ರೂಪಾಯಿ. ಅವರ ಪತಿ ಕಾಂತರಾಜ ಅರಸರು 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು.

ಹೊರಗಿನಿಂದ ನೋಡಿದರೆ ಯುರೋಪಿನ ಮಾದರಿಯ ಜೋಡಿ ಕಂಬಗಳು, ಗುಮ್ಮಟ, ತ್ರಿಕೋನಾಕಾರದ ಮುಖಭಾಗ. ಒಳಗೆ ಹೋದರೆ ಮರದ ಕೆತ್ತನೆಯಿಂದ ತುಂಬಿದ ಕಲ್ಯಾಣ ಮಂಟಪ. ಚಿಕ್ಕವು ದೊಡ್ಡವು ಸೇರಿ ನೂರಕ್ಕೂ ಹೆಚ್ಚು ಕೋಣೆಗಳು.

1959ರಲ್ಲಿ ಕುವೆಂಪು ಅವರು ಕುಲಪತಿಯಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಈ ಮಹಲನ್ನು 10 ಲಕ್ಷ ರೂಪಾಯಿಗೆ ಕೊಂಡಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಅದಕ್ಕಾಗಿ ಊರೂರು ತಿರುಗಿ ವಸ್ತುಗಳನ್ನು ಕೂಡಿಸಿದವರಲ್ಲಿ ಪ್ರಮುಖರು ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಅವರು ನಮ್ಮ ನೆರೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು! ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಕುಣಿತದ ಮುಖವಾಡ, ಬೇಸಾಯದ ಸಲಕರಣೆ, ಅಡುಗೆ ಪಾತ್ರೆ, ಹೀಗೆ 6,500ಕ್ಕೂ ಹೆಚ್ಚು ವಸ್ತುಗಳು ಅಲ್ಲಿ ಸೇರಿದವು. ಒಬ್ಬ ರಾಜಕುಮಾರಿಗೆಂದು ಕಟ್ಟಿದ ಮನೆಯಲ್ಲಿ ರೈತರ, ಕಲಾವಿದರ, ಗೃಹಿಣಿಯರ ಬದುಕು ಗೌರವದಿಂದ ನೆಲೆಸಿತು.

ಆದರೆ ಗೌರವವೊಂದೇ ಮಾಡನ್ನು ಉಳಿಸುವುದಿಲ್ಲ. 2002ರ ಸುಮಾರಿಗೆ ಇನ್ಫೋಸಿಸ್ ಪ್ರತಿಷ್ಠಾನ ಒಂದು ಕೋಟಿ ರೂಪಾಯಿಗೂ ಹೆಚ್ಚಿನ ನೆರವು ನೀಡಿ ದುರಸ್ತಿ ಮಾಡಿಸಿತು. ಮುಂದಿನ ವರ್ಷಗಳಲ್ಲಿ ಮಳೆನೀರು ಮತ್ತೆ ಒಳಗಿಳಿಯಿತು. ಮರ ಕುಂಬಾಯಿತು, ಗಾರೆ ಉದುರಿತು. ಸುರಕ್ಷತೆಗಾಗಿ ಕಟ್ಟಡವನ್ನು ಮುಚ್ಚಿ, ಮತ್ತೊಮ್ಮೆ ದುರಸ್ತಿಗೆ ದಾನಿಗಳನ್ನು ಹುಡುಕಬೇಕಾಯಿತು. ಸುಣ್ಣ, ಇಟ್ಟಿಗೆ, ಮರಗಳ ಮನೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಕೈ ಆಡಿಸಲೇಬೇಕು. ಒಮ್ಮೆ ದೊಡ್ಡ ಮೊತ್ತ ಸುರಿದು ಮರೆತರೆ ಸಾಲದು.

ಆದ್ದರಿಂದ ನಾವೊಂದು ಕೆಲಸ ಮಾಡೋಣ. ಈ ವಾರ ಅಟ್ಟದಿಂದ ಒಂದು ಹಳೆಯ ವಸ್ತುವನ್ನು ಕೆಳಗಿಳಿಸೋಣ. ಅದರ ಹೆಸರೇನು, ಯಾರು ಬಳಸುತ್ತಿದ್ದರು, ಹೇಗೆ ಬಳಸುತ್ತಿದ್ದರು ಎಂದು ಮನೆಯ ಅಜ್ಜಿಯನ್ನು ಕೇಳಿ, ಮಕ್ಕಳ ಕೈಯಲ್ಲಿ ಬರೆಸಿಡೋಣ. ತಿಪ್ಪೇಸ್ವಾಮಿಯವರು ಊರೂರಿಗೆ ಹೋಗಿ ಮಾಡಿದ ಕೆಲಸ ನಮ್ಮ ನಮ್ಮ ಮನೆಯಲ್ಲಿ ಅಷ್ಟು ಕಷ್ಟವೇನಲ್ಲ. ಅಜ್ಜಿ ಇರುವಾಗಲೇ ಕೇಳಬೇಕು, ಅಷ್ಟೇ.