ಅತ್ತೂರು ಸಂತ ಲಾರೆನ್ಸರ ಬಸಿಲಿಕ

ಉಡುಪಿ ಜಿಲ್ಲೆಯ ಕಾರ್ಕಳದ ಬಳಿ, ಪರ್ಪಲೆ ಗುಡ್ಡದ ತಪ್ಪಲಿನಲ್ಲಿರುವ ಕಥೋಲಿಕ ಧರ್ಮಕೇಂದ್ರ. ಆರಂಭ 1759ರಲ್ಲಿ.

ಕಾಲು ಶತಮಾನ ಕಳೆಯುವಷ್ಟರಲ್ಲಿ ಬರಸಿಡಿಲು ಬಡಿಯಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಹಲವು ಇಗರ್ಜಿಗಳ ಜತೆ ಅತ್ತೂರಿನದೂ ನೆಲಸಮವಾಯಿತು. ಘಟ್ಟ ಹತ್ತಿದವರಲ್ಲಿ ಬಹಳ ಮಂದಿ ಮರಳಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಊರಿಗೆ ಬಂದು ಇಗರ್ಜಿಯನ್ನು ಮತ್ತೆ ಕಟ್ಟಿಕೊಂಡರು. ಅತ್ತೂರಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪವಾಡ ಇದೇ ಎನ್ನಬೇಕು.

ಭಕ್ತರು ಹೇಳುವ ಪವಾಡ ಬೇರೆಯದು. ಇಗರ್ಜಿಗೆ ಜಾಗ ಹುಡುಕುತ್ತ ಸಂತರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಹೊರಟವರು ದಣಿವಾರಿಸಿಕೊಳ್ಳಲು ಗುಡ್ಡದಡಿ ಅದನ್ನು ಕೆಳಗಿಟ್ಟರಂತೆ. ಮತ್ತೆ ಎತ್ತಹೋದರೆ ಪ್ರತಿಮೆ ಕದಲಲಿಲ್ಲ. ಸಂತರು ತಾವೇ ಆರಿಸಿದ ನೆಲವೆಂದು ಅಲ್ಲೇ ಇಗರ್ಜಿ ಎದ್ದಿತು.

ಲಾರೆನ್ಸರು 258ರಲ್ಲಿ ರೋಮ್‌ನಲ್ಲಿ ಹುತಾತ್ಮರಾದ ಧರ್ಮಸೇವಕ. ಅವರ ಸ್ಮರಣೆಯ ದಿನ ಆಗಸ್ಟ್ 10. ಆದರೆ ಕರಾವಳಿಯಲ್ಲಿ ಆಗ ಜಡಿಮಳೆ. ಅತ್ತೂರು ಜಾತ್ರೆ ಸೇರುವುದು ಜನವರಿಯಲ್ಲಿ. ಹಲವು ದಿನ ನಡೆಯುವ ಈ ಉತ್ಸವದಲ್ಲಿ ಕೊಂಕಣಿ, ಕನ್ನಡ ಪೂಜೆಗಳು ನಡೆಯುತ್ತವೆ. ಹರಕೆಯ ಮೊಂಬತ್ತಿ ಹಿಡಿದ ಸಾಲಿನಲ್ಲಿ ಹಿಂದೂಗಳು, ಮುಸ್ಲಿಮರೂ ನಿಲ್ಲುತ್ತಾರೆ. ಸಂತೆಯಿಲ್ಲದ ಅತ್ತೂರು ಜಾತ್ರೆಯನ್ನು ಊರವರು ಊಹಿಸಿಕೊಳ್ಳಲಾರರು.

ಹಿಂದೆ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ್ದ ಅತ್ತೂರು 2012ರಲ್ಲಿ ಹೊಸ ಉಡುಪಿ ಧರ್ಮಪ್ರಾಂತದ ಪಾಲಾಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಕಿರಿಯ ಬಸಿಲಿಕವೆಂದು ಘೋಷಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ಸಂತ ಮೇರಿ ಬಸಿಲಿಕದ ನಂತರ ಈ ಗೌರವ ಪಡೆದ ಎರಡನೆಯ ಇಗರ್ಜಿಯಿದು.